ಎರಡನೆಯ ಕೀಪರ್‌ನ ತಾಯಿ

ಜೂನ್ 11, ಬುಧವಾರ

ಈ ನೋಟ್‌ಬುಕ್ಕು ಮಗಳು ಕೊಟ್ಟದ್ದು. "ಅಮ್ಮ, ದಿನಕ್ಕೆ ಹತ್ತು ಸಲ ಫೋನ್ ಮಾಡಿ ಕೋಚ್ ಹಾಗಂದ, ಇವನು ಹೀಗಂದ ಅಂತ ನನ್ನ ತಲೆ ತಿನ್ನಬೇಡ. ಏನಿದ್ದರೂ ಇದರಲ್ಲಿ ಬರಿ" ಅಂದಳು. ಬಾಯಿ ಥೇಟ್ ಅವರಪ್ಪನದು. ಸರಿ, ಬರೀತೀನಿ. ಪುಸ್ತಕ ಎದುರು ಮಾತಾಡುವುದಿಲ್ಲವಲ್ಲ, ಅದೇ ಸುಖ.

ಬೆಳಗ್ಗೆ ಬಂದು ಇಳಿದೆ. ನಾಲ್ಕು ವರ್ಷಕ್ಕೊಮ್ಮೆ ಬರುವ ಫುಟ್‌ಬಾಲ್ ಟೂರ್ನಿ ಈ ಸಲ ನಮ್ಮ ದೇಶದಲ್ಲೇ. ನಮ್ಮ ತಂಡದ ಮೊದಲ ಮೂರು ಪಂದ್ಯ ಮೂರು ಕರಾವಳಿ ಊರುಗಳಲ್ಲಿ. ಇದು ಮೊದಲನೆಯದು, ದೊಡ್ಡ ಬಂದರು ಇರುವ ಊರು. ಆಟಗಾರರ ಮನೆಯವರಿಗೆಲ್ಲ ಒಂದು ಹೋಟೆಲು, ಆಟಗಾರರಿಗೆ ಇನ್ನೊಂದು. ದಿನಕ್ಕೆ ಒಂದು ಗಂಟೆ ಅವರನ್ನು ನೋಡಲು ಬಿಡುತ್ತಾರೆ, ಆಸ್ಪತ್ರೆಯಲ್ಲಿ ಬಿಡುವ ಹಾಗೆ. ನನ್ನ ರೂಮು ಆರನೇ ಮಹಡಿ. ಕಿಟಕಿ ತೆರೆಯಬೇಡಿ, ಕಡಲಹಕ್ಕಿಗಳು ಒಳಗೆ ನುಗ್ಗಿ ತಿಂಡಿ ಎತ್ತಿಕೊಂಡು ಹೋಗುತ್ತವೆ ಅಂತ ಚೀಟಿ ಅಂಟಿಸಿದ್ದಾರೆ. ಗಾಜಿನ ಮೇಲೆ ಉಪ್ಪು ಕಟ್ಟಿ ಆಚೆಯ ಕ್ರೇನುಗಳೆಲ್ಲ ಮಸುಕು. ಮೂವತ್ತೊಂದು ವರ್ಷ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿದವಳಿಗೆ ಕೊಳೆ ಗಾಜು ಕಂಡರೆ ಕೈ ಸುಮ್ಮನಿರುವುದಿಲ್ಲ. ಚೆನ್ನಾಗಿ ಒರೆಸಿದೆ. ಆಮೇಲೆ ನೋಡಿದರೆ ಕೊಳೆ ಇರುವುದು ಹೊರಗಡೆ.

ಸಂಜೆ ಮಗನನ್ನು ನೋಡಿದೆ. ಮನೆಯಲ್ಲಿ ಅವನನ್ನು ಗೂಟ ಅಂತಲೇ ಕರೆಯುವುದು. ನಡೆಯಲು ಕಲಿತಾಗಿನಿಂದ ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತಿದ್ದ. ನಮ್ಮ ಮನೆಯವರು ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಹೋದಾಗ ಅವನಿಗೆ ಹನ್ನೊಂದು. ಆಮೇಲೆ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಎರಡು ಕಂಬದ ನಡುವೆ ಅವನನ್ನು ನಿಲ್ಲಿಸಿ ಚೆಂಡು ಒದ್ದವಳು ನಾನೇ, ಅಂಗಡಿಯಿಂದ ಬಂದವಳು ಚಪ್ಪಲಿ ಕಳಚಿಟ್ಟು. ಈಗ ಮೂವತ್ತಮೂರು. ದೇಶದ ತಂಡದ ಎರಡನೆಯ ಗೋಲ್‌ಕೀಪರ್. ಒಂಬತ್ತು ವರ್ಷದಿಂದ ಎರಡನೆಯವನೇ. ಮೊದಲನೆಯವನಿಗೆ ಒಂದು ದಿನ ಜ್ವರ ಬರಲಿಲ್ಲ, ಕಾಲು ಉಳುಕಲಿಲ್ಲ, ನನ್ನ ಮಗನಿಗೆ ಒಂದು ನಿಮಿಷ ಸಿಗಲಿಲ್ಲ. ಆ ಮೊದಲನೆಯವನನ್ನು ಜನ ಗೋಡೆ ಅನ್ನುತ್ತಾರೆ. ಗೋಡೆ ಇರುವಾಗ ಗೂಟ ಯಾರಿಗೆ ಬೇಕು.

ಹೋಟೆಲಿನ ತೋಟದಲ್ಲಿ ಕೂತು ಟೀ ಕುಡಿದೆವು. ಮಾತಿನ ಮಧ್ಯೆ ಕೈ ತಾಗಿಸಿ ಲೋಟ ಉರುಳಿಸಿದ. ಮದುವೆ ಮಾತು ಎತ್ತಿದೆ. "ಟೂರ್ನಿ ಮುಗೀಲಿ ಅಮ್ಮ" ಅಂದ. ಒಂಬತ್ತು ವರ್ಷದಿಂದ ಯಾವುದೋ ಒಂದು ಟೂರ್ನಿ ಮುಗಿಯಬೇಕು. ಒಂದು ವಿಷಯ ಸಂತೋಷ. ಮೊದಲು ನಾನು ಮಾತಾಡುವಾಗ ಓರೆಗಣ್ಣಲ್ಲಿ ನೋಡಿ ಹೂಂ ಹೂಂ ಅನ್ನುತ್ತಿದ್ದ. ಈಗ ಪೂರ್ತಿ ಮುಖ ತಿರುಗಿಸಿ ಕೇಳುತ್ತಾನೆ. ವಯಸ್ಸು ಗೌರವ ಕಲಿಸುತ್ತದೆ.

ಜೂನ್ 13, ಶುಕ್ರವಾರ

ಪಕ್ಕದ ರೂಮಿನಲ್ಲಿ ಯಾರು ಅಂದರೆ ಗೋಡೆಯ ಹೆಂಡತಿ! ಸ್ಕೂಲ್ ಟೀಚರು. ಮುಖ ಸಿಂಡರಿಸಿಕೊಂಡು ದೂರ ಇರೋಣ ಅಂತಿದ್ದೆ. ತಿಂಡಿಯ ಹೊತ್ತಿಗೆ ಅವಳ ಕನ್ನಡಕದ ಕಡ್ಡಿ ಕಳಚಿ ತಟ್ಟೆಯೊಳಗೆ ಬಿತ್ತು. ಕಡಲ ಗಾಳಿಗೆ ಸ್ಕ್ರೂ ತುಕ್ಕು ಹಿಡಿದಿತ್ತು. ನನ್ನ ಚೀಲದಲ್ಲಿ ಪುಟ್ಟ ಸ್ಕ್ರೂಡ್ರೈವರ್ ಯಾವಾಗಲೂ ಇರುತ್ತದೆ, ಬಿಟ್ಟರೂ ಬಿಡದ ಚಾಳಿ. ಎರಡು ನಿಮಿಷದಲ್ಲಿ ಸರಿ ಮಾಡಿಕೊಟ್ಟೆ. "ಅಮ್ಮ, ನೀವು ಸಿಗದಿದ್ದರೆ ನಾಳೆ ಮ್ಯಾಚು ಕುರುಡಿಯ ಹಾಗೆ ನೋಡಬೇಕಿತ್ತು" ಅಂತ ಕೈ ಹಿಡಿದುಕೊಂಡಳು. ಒಳ್ಳೆಯ ಹುಡುಗಿ. ಅವಳ ಗಂಡನ ತಪ್ಪಿಗೆ ಅವಳೇನು ಮಾಡುತ್ತಾಳೆ.

ಮಧ್ಯಾಹ್ನ ಇಬ್ಬರೂ ಪೇಟೆಗೆ ಹೋದೆವು. ಹೆಜ್ಜೆಗೊಂದು ಬಾವುಟ, ಮುಖಕ್ಕೆ ಬಣ್ಣ ಬಳಿದುಕೊಂಡ ಗಂಡಸರು, ಹಡಗಿನಿಂದ ಇಳಿದು ಬರುತ್ತಿದ್ದ ಪರದೇಶದವರ ಡೋಲು. ಒಂದು ಅಂಗಡಿಯಲ್ಲಿ ಆಟಗಾರರ ಅಂಗಿಗಳು ಸಾಲಾಗಿ ತೂಗಾಡುತ್ತಿದ್ದವು. ಗೋಡೆಯ ಒಂದನೇ ನಂಬರಿನದು ಗೋಡೆ ತುಂಬ.

"ಹನ್ನೆರಡನೇ ನಂಬರಿಂದು ಕೊಡಪ್ಪ" ಅಂದೆ.

"ಹನ್ನೆರಡಾ? ಅದು ಯಾರದು?"

"ಎರಡನೇ ಕೀಪರ್‌ದು."

"ಎರಡನೇ ಕೀಪರ್ ಅಂಗಿ ಯಾರಮ್ಮ ತಗೋತಾರೆ? ಅವರಮ್ಮ ಬಂದರೆ ತಗೋಬೇಕು" ಅಂದ.

"ಅವರಮ್ಮನೇ ಬಂದಿರೋದು, ತೆಗಿ" ಅಂದೆ. ಅವನ ಮುಖ ನೋಡಬೇಕಿತ್ತು. ಟೀಚರು ನಕ್ಕು ನಕ್ಕು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಅಂಗಿ ಮಾತ್ರ ಸಿಗಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇರಲಿ, ನನ್ನ ಹೆಗ್ಗಣಕ್ಕೂ ಒಂದು ದಿನ ಬರುತ್ತದೆ.

ಜೂನ್ 14

ಒಂದು, ಒಂದು. ಸಮ.

ಎಲ್ಲರೂ ಚೆಂಡು ನೋಡುತ್ತಾರೆ, ನಾನು ಬೆಂಚು ನೋಡುತ್ತೇನೆ. ಎಪ್ಪತ್ತು ಸಾವಿರ ಜನರಲ್ಲಿ ಬೆಂಚಿನ ಎಡತುದಿಯಲ್ಲಿ ಕೂತ ಮನುಷ್ಯನನ್ನು ನೋಡಲು ಬಂದವಳು ನಾನೊಬ್ಬಳೇ ಇರಬೇಕು. ಪೂರ್ತಿ ಪಂದ್ಯ ಅವನು ಟವೆಲ್ ಹೊದ್ದು ನೇರ ನೋಡುತ್ತ ಕೂತಿದ್ದ.

ಗೋಡೆ ಒಂದು ಸುಲಭದ ಚೆಂಡು ಕೈಚೆಲ್ಲಿದ, ಗೋಲಾಯಿತು. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ. ಪಕ್ಕದಲ್ಲಿ ಅವನ ಹೆಂಡತಿ ನನ್ನ ಮೊಣಕೈ ಹಿಡಿದು ಕಣ್ಣು ಮುಚ್ಚಿದ್ದಳು. ಅವಳ ಕೈ ನೇವರಿಸಿದೆ. ಕೋಚ್ ಕಣ್ಣು ಇನ್ನಾದರೂ ತೆರೆಯಬಹುದು.

ಜೂನ್ 16, ಸೋಮವಾರ

ಇವತ್ತು ಬಿಡುವು ಅಂತ ಗೂಟನನ್ನು ಹೊರಗೆ ಬಿಟ್ಟರು. ಕಡಲ ತಡೆಗೋಡೆಯ ಮೇಲೆ ನಡೆದೆವು. ಗುರುತು ಹಿಡಿದು ಒಬ್ಬರೂ ಹತ್ತಿರ ಬರಲಿಲ್ಲ. ಗೋಡೆಯಾಗಿದ್ದರೆ ಜನ ಮುತ್ತಿಕೊಳ್ಳುತ್ತಿದ್ದರು. "ಇದೂ ಒಂದು ಪುಣ್ಯ ಅಮ್ಮ" ಅಂದ.

ಮರಳಿನ ಮೇಲೆ ಮಕ್ಕಳು ಆಡುತ್ತಿದ್ದವು. ಒಂದು ಚೆಂಡು ಎಡಗಡೆಯಿಂದ ನಮ್ಮತ್ತ ಬಂತು. ನನಗೆ ಕಂಡಿತು, ಇವನು ಹಿಡಿಯುತ್ತಾನೆ ಅಂತ ನಾನು ಸುಮ್ಮನಿದ್ದೆ. ಕೆನ್ನೆಗೆ ಫಟ್ಟಂತ ಬಡಿಯಿತು! ಮಕ್ಕಳು ಬಿದ್ದು ಬಿದ್ದು ನಕ್ಕವು. ದೇಶದ ಗೋಲ್‌ಕೀಪರ್ ಅಂತ ಅವಕ್ಕೇನು ಗೊತ್ತು.

"ಎಲ್ಲಿದೆಯೋ ಧ್ಯಾನ?" ಅಂದೆ.

"ಅಲ್ಲೆಲ್ಲೋ" ಅಂತ ಕೆನ್ನೆ ಉಜ್ಜಿಕೊಂಡ. ನಗಲು ನೋಡಿದ, ಆಗಲಿಲ್ಲ.

ಕೂರಿಸಿ ಕೂರಿಸಿ ಅವನನ್ನು ಮಂಕು ಮಾಡಿದ್ದಾರೆ. ಬಳಸದ ಚಾಕು ತುಕ್ಕು ಹಿಡಿಯುವುದಿಲ್ಲವೇ. ಕೋಚ್ ಎದುರಿಗೆ ಸಿಗಲಿ, ಬಿಡುವುದಿಲ್ಲ.

ಜೂನ್ 18

ಬಸ್ಸಿನಲ್ಲಿ ಎರಡನೆಯ ಊರಿಗೆ ಬಂದೆವು. ಆರು ಗಂಟೆ ದಾರಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗೋದಾಮುಗಳು. ಟೀಚರಿಗೆ ದಾರಿಯುದ್ದಕ್ಕೂ ವಾಂತಿ. ಬೆನ್ನು ಸವರಿ, ನಿಂಬೆಹಣ್ಣು ಮೂಸಿಸಿ, ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಈ ಊರು ಪೂರ್ತಿ ಮಂಜಿನೊಳಗಿದೆ. ಸಮುದ್ರ ಕೇಳಿಸುತ್ತದೆ, ಕಾಣುವುದಿಲ್ಲ.

ಕೀಪರ್‌ಗಳನ್ನು ತಯಾರು ಮಾಡುವ ಮೀಸೆಯವನು ಹೋಟೆಲ್ ಲಿಫ್ಟಿನ ಹತ್ತಿರ ಸಿಕ್ಕ. ತಡೆದು ನಿಲ್ಲಿಸಿ ಕೇಳಿಯೇಬಿಟ್ಟೆ. "ನನ್ನ ಮಗ ಏನು ಪಾಪ ಮಾಡಿದ್ದಾನೆ? ಗೋಡೆ ಕೈಚೆಲ್ಲಿದರೂ ಗೋಡೆನೇ, ಇವನು ಏನು ಮಾಡಿದರೂ ಬೆಂಚೇನಾ?"

ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ತಪ್ಪು ತಿಳ್ಕೋಬೇಡಿ ಅಮ್ಮ. ಅವನಿಗೆ ಮನಸ್ಸೇ ಇಲ್ಲ ಅನ್ನಿಸುತ್ತೆ. ಅಭ್ಯಾಸದಲ್ಲಿ ಎದುರಿಂದ ಬಂದಿದ್ದು ಹಿಡೀತಾನೆ, ಪಕ್ಕಕ್ಕೆ ಬಂದಿದ್ದು ಬಿಟ್ಟುಬಿಡ್ತಾನೆ. ನೀವೇ ಒಂದು ಮಾತು ಕೇಳಿ."

ಮನಸ್ಸಿಲ್ಲವಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಾನು ಕಲಿಸಲಾರದ್ದಕ್ಕೆ ನನ್ನ ಮಗನ ಮನಸ್ಸು ಡೊಂಕು.

ಜೂನ್ 19, ಗುರುವಾರ

ಸೋತೆವು. ಸೊನ್ನೆ, ಎರಡು.

ಎರಡನೆಯ ಗೋಲು ತಡೆಯಲು ಹಾರಿ ಗೋಡೆ ಎಡಭುಜದ ಮೇಲೆ ಬಿದ್ದ. ಸ್ವಲ್ಪ ಹೊತ್ತು ಏಳಲೇ ಇಲ್ಲ. ಗೂಟ ಬೆಂಚಿನಿಂದ ಅರ್ಧ ಎದ್ದು ನಿಂತಿದ್ದ. ಆಮೇಲೆ ಗೋಡೆ ಎದ್ದ, ಭುಜ ಕೊಡವಿದ, ಬೆಂಚಿನ ಕಡೆ ನೋಡಿ ಏನೂ ಆಗಿಲ್ಲ ಅನ್ನುವ ಹಾಗೆ ಕೈ ಎತ್ತಿದ. ಕುರ್ಚಿಗೆ ಅಂಟಿಕೊಂಡವರನ್ನು ನೋಡಿದ್ದೆ, ಇಂಥವನನ್ನು ನೋಡಿರಲಿಲ್ಲ.

ಒಂದು ಕಿರುಬೆರಳು ಮುರಿದರೆ ಸಾಕು. ಸಾಯಲಿ ಅನ್ನುತ್ತಿಲ್ಲವಲ್ಲ ನಾನು. ಬೆರಳು ಆರು ವಾರದಲ್ಲಿ ಕೂಡುತ್ತದೆ. ಆರು ವಾರ ಅವನು ಮನೆಯಲ್ಲಿ ಕೂತು ಹೆಂಡತಿ ಕೈಯಲ್ಲಿ ಊಟ ಮಾಡಿಸಿಕೊಳ್ಳಲಿ.

ಮಂಗಳವಾರದ ಪಂದ್ಯ ಗೆಲ್ಲದಿದ್ದರೆ ತಂಡ ಹೊರಗೆ.

ಜೂನ್ 20

ಗೂಟನ ಜೊತೆ ಜಗಳ. ಕೋಚ್ ಹತ್ತಿರ ಹೋಗಿ ನನ್ನನ್ನು ಆಡಿಸಿ ಅಂತ ಕೇಳು ಅಂದೆ. ಕೇಳಲ್ಲ ಅಂದ. ನಿನಗೆ ನಾಚಿಕೆ ಆಗಲ್ಲವಾ ಅಂದೆ.

"ಅಮ್ಮ, ಸಾಕು."

"ಏನು ಸಾಕು?"

"ಎಲ್ಲಾ ಸಾಕು. ನೀನು ಚೆಂಡು ಒದಿಯೋದು ನಿಲ್ಲಿಸು."

ಎದ್ದು ಹೋದ. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡು ಹೋದ. ಅಷ್ಟು ಸಿಟ್ಟು.

ಜೂನ್ 22, ಭಾನುವಾರ

ಮೂರನೆಯ ಊರು. ಗುಡ್ಡದ ಮೇಲಿಂದ ಸಮುದ್ರದವರೆಗೆ ಬರೀ ಮೆಟ್ಟಿಲು. ಮನೆಗಳೆಲ್ಲ ಒಂದರ ಹೆಗಲ ಮೇಲೆ ಒಂದು ಕಾಲಿಟ್ಟ ಹಾಗಿವೆ. ಗೂಟ ತಾನಾಗಿಯೇ ಬಂದ. ಮೊನ್ನೆಯ ಮಾತು ಇಬ್ಬರೂ ಎತ್ತಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ಒಂದೊಂದೇ ಮೆಟ್ಟಿಲು ಇಳಿದ, ತಾಯಿ ಬಿದ್ದಾಳು ಅಂತ. ಸಿಟ್ಟು ಏನಿದ್ದರೂ ಕರುಳು ಕರುಳೇ. ಕೆಳಗೆ ನೀರಿನ ಹತ್ತಿರ ಕೂತು, "ಈ ಬಣ್ಣ ನೋಡಮ್ಮ" ಅಂದ. ಬಹಳ ಹೊತ್ತು ನೋಡಿದ. ಅವನಿಗೆ ಇಂಥದ್ದೆಲ್ಲ ಯಾವಾಗ ಇಷ್ಟವಾಯಿತೋ ಕಾಣೆ.

ಗೋಡೆಯ ಭುಜಕ್ಕೆ ಇಂಜೆಕ್ಷನ್ ಕೊಟ್ಟು ಆಡಿಸುತ್ತಾರಂತೆ. ಟೀಚರು ಹೇಳಿದಳು. "ಬೇಡ ಅಂತ ಎಷ್ಟು ಹೇಳಿದರೂ ಕೇಳಲ್ಲ ಅಮ್ಮ, ಈ ಒಂದು ಸಲ ನಾನೇ ಆಡಬೇಕು ಅಂತಾರೆ" ಅಂತ ಅತ್ತಳು. ಮೇಲೆ ಸಮಾಧಾನ ಮಾಡಿದೆ. ಒಳಗೆ ನನಗೆ ಮೈ ಉರಿಯಿತು.

ಜೂನ್ 25, ಬುಧವಾರ, ಬೆಳಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನದ ಪಂದ್ಯ. ನಾವು ಒಂದು ಗೋಲು ಮುಂದಿದ್ದೆವು. ಎಪ್ಪತ್ತೊಂದನೇ ನಿಮಿಷಕ್ಕೆ ಎದುರಾಳಿಯವನೊಬ್ಬ ಓಡಿ ಬಂದು ಗೋಡೆಗೆ ಡಿಕ್ಕಿ ಹೊಡೆದ. ಅದೇ ಎಡಭುಜ. ಮುರಿದದ್ದು ನಮ್ಮ ಸಾಲಿನವರೆಗೆ ಕೇಳಿಸಿತು ಅಂತ ಜನ ಹೇಳುತ್ತಾರೆ, ನನಗೆ ಕೇಳಿಸಲಿಲ್ಲ. ನಾನು ಆಗಲೇ ಎದ್ದು ನಿಂತಿದ್ದೆ. ನನ್ನ ಎರಡು ಕೈ ಚಪ್ಪಾಳೆ ಹೊಡೆದಿದ್ದವು. ಒಂದೇ ಸಲ. ಟೀಚರು ತಿರುಗಿ ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು, ಆಮೇಲೆ ಗಂಡನ ಹತ್ತಿರ ಓಡಿದಳು.

ಸ್ಟ್ರೆಚರ್ ಹೋಯಿತು. ಗೂಟ ಎದ್ದ. ಟವೆಲ್ ತೆಗೆದ, ಜಾಕೆಟ್ ತೆಗೆದ, ಗ್ಲೌಸ್ ಹಾಕಿಕೊಂಡ. ಒಂಬತ್ತು ವರ್ಷ! ನಾನು ಅವನ ಹೆಸರು ಹಿಡಿದು ಕೂಗಿದೆ, ಅವನಿಗೆಲ್ಲಿ ಕೇಳಬೇಕು. ಅವನು ಗೆರೆಯ ಹತ್ತಿರ ಹೋಗಲಿಲ್ಲ. ಕೋಚ್ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ. ಕೋಚ್ ಅವನ ಮುಖ ನೋಡಿದ. ಇನ್ನೊಂದು ಸಲ ಹೇಳಿದ. ಕೋಚ್ ಅವನನ್ನು ಕೈಯಿಂದ ತಳ್ಳಿ ಮೂರನೆಯ ಕೀಪರ್‌ನನ್ನು ಕರೆದ, ಇಪ್ಪತ್ತೊಂದು ತುಂಬದ ಎಳೆಯ. ಅದಕ್ಕೆ ಗ್ಲೌಸ್ ಹುಡುಕಿಕೊಳ್ಳಲೂ ಹೊತ್ತು ಬೇಕಾಯಿತು. ನನ್ನ ಮಗ ವಾಪಸ್ ಬೆಂಚಿಗೆ ಹೋಗಿ ಮಂಡಿಗಳ ನಡುವೆ ತಲೆಯಿಟ್ಟು ಕೂತ.

ಎರಡು ಗೋಲು ಬಿದ್ದವು. ಸೋತೆವು. ಟೂರ್ನಿಯಿಂದ ಹೊರಗೆ. ನಮ್ಮದೇ ದೇಶದಲ್ಲಿ ನಡೆಯುವ ಟೂರ್ನಿಯಿಂದ.

ಜನ ಬೆಂಚಿನ ಮೇಲೆ ಬಾಟಲಿ ಎಸೆದರು. ಯಾರ ಮೇಲೆ ಅಂತ ಎಲ್ಲರಿಗೂ ಗೊತ್ತಿತ್ತು.

ಇವತ್ತು ಏಳು ಗಂಟೆಗೆ ಅವನ ರೂಮಿಗೆ ಹೋದೆ. ಯಾರೂ ತಡೆಯಲಿಲ್ಲ, ಎಲ್ಲ ಮುಗಿದ ಮೇಲೆ ಕಾವಲು ಯಾರಿಗೆ. ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದ. ಏನೇನು ಬೈಯಬೇಕು ಅಂತ ದಾರಿಯಲ್ಲಿ ಜೋಡಿಸಿಕೊಂಡು ಹೋಗಿದ್ದೆ.

"ಹೆದರಿಕೊಂಡೆಯಾ?" ಅಂದೆ.

"ಇಲ್ಲ."

"ಮತ್ತೆ?"

"ಕೂತ್ಕೋ ಅಮ್ಮ." ಪೂರ್ತಿ ಮುಖ ನನ್ನ ಕಡೆ ತಿರುಗಿಸಿದ. "ಪಕ್ಕದ್ದು ನನಗೆ ಕಾಣಲ್ಲ. ನೇರ ಕಾಣುತ್ತೆ, ಚೆನ್ನಾಗಿ ಕಾಣುತ್ತೆ. ಪಕ್ಕಕ್ಕೆ ಏನೂ ಇಲ್ಲ. ಎಡಗಣ್ಣು ಜಾಸ್ತಿ. ಬಲಗಣ್ಣೂ ಹೋಗ್ತಾ ಇದೆ."

ಎದ್ದು ಅವನ ಎದುರು ನಿಂತೆ. ನನ್ನ ಮೂಗು ನೋಡು ಅಂದೆ. ಬಲಗೈ ಚಾಚಿ ಬೆರಳು ಆಡಿಸುತ್ತ ನಿಧಾನವಾಗಿ ಹತ್ತಿರ ತಂದೆ. ಅಂಗಡಿಯಲ್ಲಿ ಅನುಮಾನ ಬಂದವರಿಗೆಲ್ಲ ಹೀಗೇ ಮಾಡುತ್ತಿದ್ದೆ. ಎಷ್ಟು ಜನರನ್ನು ಹೀಗೆ ಕಂಡುಹಿಡಿದು ಡಾಕ್ಟರ ಹತ್ತಿರ ಓಡಿಸಿದ್ದೇನೆ, ಈಗಲೂ ರಸ್ತೆಯಲ್ಲಿ ಸಿಕ್ಕರೆ ಕೈಮುಗಿಯುತ್ತಾರೆ.

"ಬೆರಳು ಕಂಡಾಗ ಹೇಳು."

ಅವನು ಹೇಳಲಿಲ್ಲ. ಕಿವಿಯ ಹತ್ತಿರ ಬಂತು, ಹೇಳಲಿಲ್ಲ. ಕೆನ್ನೆ ದಾಟಿತು, ಹೇಳಲಿಲ್ಲ. ನನ್ನ ಬೆರಳು ಹೆಚ್ಚು ಕಡಿಮೆ ನನ್ನ ಮೂಗಿನ ಹತ್ತಿರವೇ ಬಂದಾಗ "ಹಾಂ, ಈಗ" ಅಂದ.

ದೀಪದ ಬುಡದಲ್ಲೇ ಕತ್ತಲೆ. ಲೋಟ, ಚೆಂಡು, ಬಾಗಿಲು, ಮೆಟ್ಟಿಲು. ಇದೇ ಪುಸ್ತಕದಲ್ಲಿ ನನ್ನ ಕೈಯಲ್ಲೇ ಬರೆದಿದ್ದೇನೆ. ಗೌರವ ಅಂತೆ.

"ಯಾವಾಗಿಂದ ಗೊತ್ತು?"

"ಚಳಿಗಾಲದಿಂದ. ಒಬ್ಬ ಡಾಕ್ಟರಿಗೆ ತೋರಿಸಿದ್ದೆ. ತಂಡದ ಪರೀಕ್ಷೆಯಲ್ಲಿ ಹಲಗೆ ಮೇಲಿನ ಅಕ್ಷರ ತಾನೇ ಓದಿಸೋದು. ಅದು ಕೊನೇ ಸಾಲಿನವರೆಗೂ ಓದ್ತೀನಿ."

"ಗೊತ್ತಿದ್ದೂ ಬಂದೆಯಾ?"

"ಬೆಂಚಿನ ಮೇಲೆ ಕೂರೋಕೆ ಕಣ್ಣು ಯಾಕಮ್ಮ?" ಅಂದ. ನಗುತ್ತಿದ್ದ. "ಒಂಬತ್ತು ವರ್ಷ ಯಾರೂ ಕರೀಲಿಲ್ಲ. ಇದೊಂದೂ ಹಾಗೇ ಮುಗಿಯುತ್ತೆ ಅಂದ್ಕೊಂಡೆ."

ಜೂನ್ 26, ಗುರುವಾರ

ಈ ಊರಿನ ದೊಡ್ಡ ಆಸ್ಪತ್ರೆ. ತಂಡದ ವೈದ್ಯರೇ ಹಿಂಬಾಗಿಲಿಂದ ಕರೆದುಕೊಂಡು ಹೋದರು. ಅರ್ಧ ದಿನ ಯಂತ್ರದಿಂದ ಯಂತ್ರಕ್ಕೆ ಕೂರಿಸಿದರು. ಕಣ್ಣಿನ ಡಾಕ್ಟರಮ್ಮನಿಗೆ ನನ್ನ ಮಗಳ ವಯಸ್ಸಿರಬಹುದು. ಕಾಗದದ ಮೇಲೆ ಎರಡು ಉಂಗುರ ಬರೆದು ಒಳಗೆಲ್ಲ ಕಪ್ಪು ತುಂಬಿ, ನಡುವೆ ನಾಣ್ಯದಷ್ಟು ಬಿಳಿ ಬಿಟ್ಟಳು. ಇಷ್ಟು ಕಾಣುತ್ತದೆ ಅಂದಳು.

ಒಳಗಿನ ಒತ್ತಡಕ್ಕೆ ಕಣ್ಣಿನ ಹಿಂದಿನ ನರ ಒಣಗಿದೆ. ಹೋದದ್ದು ಬರುವುದಿಲ್ಲ. ಔಷಧಿ ಹಾಕಿ ಉಳಿದದ್ದನ್ನು ಹಿಡಿದಿಡಲು ನೋಡಬಹುದು, ಆದರೆ ಚಳಿಗಾಲದಿಂದ ಅವನು ಹಾಕುತ್ತಿದ್ದ ಔಷಧಿಗೂ ಜಗ್ಗಿಲ್ಲ. ಆಪರೇಷನ್ ಒಂದಿದೆ. ಅದು ಮಾಡಿದರೂ ಇಷ್ಟೇ. "ಮೂರು ವರ್ಷ ಮೊದಲು ಬಂದಿದ್ದರೆ" ಅಂತ ಶುರು ಮಾಡಿ ನಿಲ್ಲಿಸಿದಳು.

ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳಿದಳು. ಇಲ್ಲ ಅಂದೆ. ಆಮೇಲೆ ಹೊರಗೆ ಬಂದು ಕೂತೆ. ಇವರು ಸತ್ತ ದಿನ ಆ ಲಾರಿಯವನು ಅಳುತ್ತ ಹೇಳಿದ್ದ: ಹಾರ್ನ್ ಹೊಡೆದೆ, ತಿರುಗಿ ನೋಡಲೇ ಇಲ್ಲ, ಪಕ್ಕದಲ್ಲಿ ಗಾಡಿಯೇ ಇಲ್ಲದ ಹಾಗೆ ನಡೆದು ಬಂದರು. ಹೊಸ್ತಿಲು ಎಡವುತ್ತಿದ್ದರು, ಕುರ್ಚಿಗೆ ಬಡಿದುಕೊಳ್ಳುತ್ತಿದ್ದರು. ಕೋಣದ ಹಾಗೆ ನಡೀಬೇಡಿ ಅಂತ ನಾನು ಬೈಯುತ್ತಿದ್ದೆ. ಇಪ್ಪತ್ತೆರಡು ವರ್ಷದಿಂದ ಅವರ ಅಜಾಗ್ರತೆಯನ್ನೇ ಬೈದುಕೊಂಡು ಬಂದಿದ್ದೇನೆ.

ಇದರ ಬಗ್ಗೆ ಇನ್ನು ಬರೆಯುವುದಿಲ್ಲ. ಮಗಳಿಗೆ ಫೋನ್ ಮಾಡಿ ನಾಳೆಯೇ ಕಣ್ಣು ತೋರಿಸು ಅಂದೆ. ಯಾಕೆ ಅಂತ ಕೇಳಿದಳು. ಹೇಳಿದೆ.

ಮೂರನೇ ಮಹಡಿಯಲ್ಲಿ ಗೋಡೆ ಇದ್ದ. ಹೋಗದೆ ಇರಲಾಗಲಿಲ್ಲ. ಭುಜಕ್ಕೆ ತಗಡು ಹಾಕಿದ್ದಾರೆ, ಕೈ ಕಟ್ಟಿ ಮಲಗಿಸಿದ್ದಾರೆ. ಇನ್ನು ಆಡುವುದು ಕಷ್ಟ ಅಂದರಂತೆ. ಟೀಚರು ಕಿಟಕಿಯ ಹತ್ತಿರ ಕೂತಿದ್ದಳು. ನನ್ನನ್ನು ನೋಡಿ ಕುರ್ಚಿ ಬಿಟ್ಟುಕೊಟ್ಟು ಕಿಟಕಿಯತ್ತ ಮುಖ ತಿರುಗಿಸಿದಳು.

"ಡಾಕ್ಟರು ಏನಂದರು ಅಮ್ಮ?" ಅಂತ ಅವನೇ ಕೇಳಿದ.

"ನಿನಗೆ ಗೊತ್ತಿತ್ತಾ?"

"ಒಂದೇ ರೂಮಿನಲ್ಲಿ ಇರೋರು ನಾವು. ಕತ್ತಲಲ್ಲಿ ಗೋಡೆ ತಡಕಿಕೊಂಡು ನಡೆಯೋದು ನೋಡಿದೆ. ಯಾರಿಗೂ ಹೇಳಬೇಡ, ಇದೊಂದು ಟೂರ್ನಿ ಅಂದ." ಕಟ್ಟಿದ ಕೈ ನೋಡಿಕೊಂಡ. "ನಾನು ಹೊರಗೆ ಬರದಿದ್ದರೆ ಅವನನ್ನ ಯಾರೂ ಕರೆಯಲ್ಲ. ಅಷ್ಟೇ ಲೆಕ್ಕ ಇತ್ತು. ಇನ್ನು ಇಪ್ಪತ್ತು ನಿಮಿಷ ಎಳೆದಿದ್ದರೆ ಆಗ್ತಿತ್ತು. ಆಗಲಿಲ್ಲ."

ಈ ಮನುಷ್ಯನ ಬೆರಳು ಮುರಿಯಲಿ ಅಂತ ಬರೆದವಳು ನಾನು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ಯಾರಾದರೂ ಹೇಳಬಹುದು. ಚಪ್ಪಾಳೆಗೆ ಏನು ಹೇಳುತ್ತಾರೆ? ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಟೀಚರು ನನ್ನನ್ನೇ ನೋಡುತ್ತ ತಲೆ ಅಲ್ಲಾಡಿಸಿದಳು, ಬೇಡ ಅಂತ. ಅವನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಕ್ಷಮಿಸಿದಳು ಅಂತಲ್ಲ ಅದು.

ಹೊದಿಕೆ ಸರಿ ಮಾಡಿ ಬಂದೆ.

ಜೂನ್ 27

ಮಗಳ ಕಣ್ಣು ಚೆನ್ನಾಗಿದೆಯಂತೆ. ಸದ್ಯಕ್ಕೆ.

ಜೂನ್ 28, ಶನಿವಾರ

ಎಲ್ಲ ಪತ್ರಿಕೆಯಲ್ಲೂ ಅವನ ಫೋಟೊ. ಟವೆಲ್ ಹೊದ್ದು ತಲೆ ತಗ್ಗಿಸಿದ್ದು, ಹಾಗಾಗಿ ಮುಖ ಕಾಣುವುದಿಲ್ಲ. "ಕರೆದರೂ ಇಳಿಯದವನು" ಅಂತ ಒಂದರಲ್ಲಿ. ಒಂದರಲ್ಲಿ ಬರೀ "ಹೇಡಿ". ಕೋಚ್ ಪತ್ರಿಕೆಯವರ ಮುಂದೆ "ಅವನು ಸಿದ್ಧನಿರಲಿಲ್ಲ" ಅಂದುಬಿಟ್ಟಿದ್ದಾನೆ. ನಿಜ ಹೇಳಿದರೆ ಕಣ್ಣಿಲ್ಲದವನನ್ನು ಆರಿಸಿದಿರಾ ಅಂತ ಅವರಿಗೂ ಬೀಳುತ್ತದೆ. ಎಲ್ಲರಿಗೂ ಬಾಯಿ ಮುಚ್ಚಿಕೊಂಡಿದ್ದರೇ ಅನುಕೂಲ.

ನಾನು ಮುಚ್ಚಿಕೊಳ್ಳುವವಳಲ್ಲ. ಡಾಕ್ಟರಮ್ಮ ಕಪ್ಪು ತುಂಬಿಸಿಕೊಟ್ಟ ಆ ಕಾಗದ ಹಿಡಿದು ಒಂದೊಂದು ಪತ್ರಿಕೆಯ ಕಚೇರಿಗೂ ಹೋಗುತ್ತೇನೆ ಅಂದೆ. ಗೂಟ ನನ್ನ ಕೈಯಿಂದ ಕಾಗದ ತೆಗೆದುಕೊಂಡ. ಮೊದಲ ಸಲ ಸಿಗಲಿಲ್ಲ, ಎರಡನೇ ಸಲಕ್ಕೆ ಸಿಕ್ಕಿತು.

"ಬೇಡ ಅಮ್ಮ. ಹೇಡಿ ಅಂದರೆ ಒಂದು ವಾರ ಅಂತಾರೆ. ಕುರುಡ ಅಂದರೆ ಸಾಯೋವರೆಗೂ ಅಂತಾರೆ."

"ಇವತ್ತಲ್ಲ ನಾಳೆ ಗೊತ್ತಾಗಲ್ಲವಾ?"

"ಗೊತ್ತಾಗೋ ಹೊತ್ತಿಗೆ ನನ್ನ ಹೆಸರು ಮರೆತಿರ್ತಾರೆ. ಅಲ್ಲಿವರೆಗೂ ಕಣ್ಣು ಕಾಣೋನ ಹಾಗೇ ಇರ್ತೀನಿ. ನೀನು ಮಾತು ಕೊಡು."

ಕೊಟ್ಟೆ. ಇಷ್ಟು ದಿನ ಅವನಿಂದ ಕಿತ್ತುಕೊಂಡದ್ದೇ ಆಯಿತು.

ಜೂನ್ 29, ಭಾನುವಾರ. ರೈಲು ನಿಲ್ದಾಣ

ಮನೆಗೆ ಹೊರಟಿದ್ದೇವೆ. ಟೂರ್ನಿ ನಮ್ಮನ್ನು ಬಿಟ್ಟು ನಡೆಯುತ್ತಿದೆ. ಬೀದಿಗಳಲ್ಲಿ ಈಗ ಬೇರೆಯವರ ಡೋಲು, ಬೇರೆಯವರ ಬಾವುಟ.

ಹೋಟೆಲಿನಿಂದ ಟ್ಯಾಕ್ಸಿ ಹಿಡಿದೆವು. ಅವನನ್ನು ಬಲಗಡೆ ಕೂರಿಸಿ ನಾನು ಎಡಗಡೆ ಕೂತೆ. ಆಸ್ಪತ್ರೆಯಲ್ಲಿ ಕೊಟ್ಟ ಕಪ್ಪು ಕನ್ನಡಕ ಹಾಕಿದ್ದ, ಟೋಪಿ ಹಾಕಿದ್ದ. ಕಡ್ಡಿ ಕಿವಿಯ ಹಿಂದೆ ಸರಿಯಾಗಿ ಕೂತಿರಲಿಲ್ಲ. ಬಗ್ಗಿಸಿ ಕೊಡುವಾಗ ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ ಕೇಳಿದ.

"ಮ್ಯಾಚಿಗೆ ಬಂದಿದ್ರಾ ಅಮ್ಮ?"

"ಹೂಂ."

"ನಾನೂ ಹೋಗಿದ್ದೆ, ಮಗಳನ್ನ ಕರ್ಕೊಂಡು. ಎಂಟು ವರ್ಷದ್ದು. ಮನೆಗೆ ಬರೋವರೆಗೂ ಅತ್ತಿತು." ಹಾದಿಯ ಮೇಲೆ ಕಣ್ಣಿಟ್ಟು ಮಾತಾಡುತ್ತಲೇ ಹೋದ. ಗೋಡೆ ದೇವರಂಥ ಮನುಷ್ಯ. ಆ ಎಳೆಯದ್ದು ಏನು ಮಾಡುತ್ತೆ ಪಾಪ. "ಆದರೆ ಆ ಎರಡನೆಯವನು ಇದ್ದಾನಲ್ಲ, ಒಂಬತ್ತು ವರ್ಷ ಕೂತು ತಿಂದು ತೇಗಿದ. ಕರೆದಾಗ ಒಲ್ಲೆ ಅಂದನಂತೆ. ಇಪ್ಪತ್ತು ನಿಮಿಷ ಅಮ್ಮ! ಬರೀ ಇಪ್ಪತ್ತು ನಿಮಿಷ ನಿಂತಿದ್ದರೆ ಸಾಕಿತ್ತು. ಅಂಥವನನ್ನ ಹೆತ್ತವಳು ಯಾರೋ."

ನಾನು ಕಿಟಕಿಯ ಕಡೆ ನೋಡಿದೆ. ಸಮುದ್ರ ಮನೆಗಳ ಸಂದಿಯಲ್ಲಿ ಕಂಡು ಕಂಡು ಮರೆಯಾಗುತ್ತಿತ್ತು. ಗೂಟ ಎರಡು ಕೈಯನ್ನೂ ಮಂಡಿಯ ಮೇಲಿಟ್ಟು ನೇರ ಕೂತಿದ್ದ.

"ನೀವೂ ನೋಡಿದ್ರಲ್ಲ, ನೀವೇ ಹೇಳಿ" ಅಂದ ಟ್ಯಾಕ್ಸಿಯವನು. ಸಿಗ್ನಲ್ಲಿಗೆ ಗಾಡಿ ನಿಲ್ಲಿಸಿ ಹಿಂದಕ್ಕೇ ತಿರುಗಿದ. "ಹೇಡಿ ಹೌದೋ ಅಲ್ವೋ?"

ಉತ್ತರ ಬೇಕು ಅನ್ನುವ ಹಾಗೆ ನೋಡುತ್ತಿದ್ದ. ಸುಮ್ಮನಿದ್ದರೆ ಇನ್ನೂ ನೋಡುತ್ತಾನೆ. ನನ್ನನ್ನು ಬಿಟ್ಟು ಪಕ್ಕದವನನ್ನು ನೋಡುತ್ತಾನೆ. ಗೂಟನ ಕೈ ಮಂಡಿಯಿಂದ ಸರಿದು ಸೀಟಿನ ಮೇಲೆ ಹುಡುಕಿ ನನ್ನ ಮಣಿಕಟ್ಟು ಹಿಡಿಯಿತು.

"ಹೌದಪ್ಪ" ಅಂದೆ. "ಹೇಡಿನೇ."

"ಅಲ್ವಾ ಮತ್ತೆ!" ಅಂತ ಅವನು ಸಮಾಧಾನದಿಂದ ಗಾಡಿ ಎತ್ತಿದ.

ನಿಲ್ದಾಣದಲ್ಲಿ ಸಾಮಾನು ಇಳಿಸಿಕೊಟ್ಟು, ಹುಷಾರಾಗಿ ಹೋಗಿ ಬನ್ನಿ ಅಂತ ಹೇಳಿ ಹೋದ. ಒಳ್ಳೆಯವನೇ. ಅವನು ಹೋದ ಮೇಲೂ ನಾವಿಬ್ಬರೂ ಅಲ್ಲೇ ಪೆಟ್ಟಿಗೆಗಳ ಮಧ್ಯೆ ನಿಂತಿದ್ದೆವು. ಜನ ಎರಡೂ ಕಡೆಯಿಂದ ಹಾದು ಹೋಗುತ್ತಿದ್ದರು, ಎಡಗಡೆಯಿಂದ ಬರುವವರು ಅವನಿಗೆ ತಾಗದ ಹಾಗೆ ನಾನು ನಿಂತೆ.

"ಚೆನ್ನಾಗಿ ಹೇಳಿದೆಯಮ್ಮ" ಅಂದ.

ಮೂವತ್ತಮೂರು ವರ್ಷದಲ್ಲಿ ಅವನು ನನ್ನನ್ನು ಹೊಗಳಿದ್ದು ಇದೇ ಮೊದಲು.